ಬೆಳಕು ಕದಿಯುವ ನೀರು

ಜೂನ್ ದಾಟಿತೆಂದರೆ ಮುಂಬೈಯಲ್ಲಿ ಅಮೋನಿಯಂ ಫ್ಲೋರೈಡ್ ತೂಗುವುದೇ ಒಂದು ಕಸರತ್ತು. ಮುಚ್ಚಳ ತೆಗೆದು ಚಮಚ ಹಾಕುವಷ್ಟರಲ್ಲಿ ಆ ಬಿಳಿ ಪುಡಿ ಮಳೆಗಾಲದ ಉಪ್ಪಿನ ಭರಣಿಯಂತೆ ಬೆವರತೊಡಗುತ್ತದೆ. ತಕ್ಕಡಿ 148 ಮಿಲಿಗ್ರಾಂ ಎನ್ನುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು, ಅರಬ್ಬಿ ಸಮುದ್ರದ ಪಾಲೆಷ್ಟು ಎಂದು ಹೇಳುವುದಿಲ್ಲ. ಡೊಂಬಿವಲಿ, ಮಾಟುಂಗದ ಕನ್ನಡ ಮನೆಗಳಿಂದ ಲೋಕಲ್ಲು, ಬಸ್ಸು ಹಿಡಿದು ಪವಾಯಿಯ ಕಡೆಗೋ ಟ್ರಾಂಬೆಯ ಕಡೆಗೋ ಲ್ಯಾಬಿಗೆ ಹೋಗುವ ಎಂ.ಎಸ್ಸಿ. ಮಕ್ಕಳು ಅವಕೆಂಪು ಬೆಳಕನ್ನು ಹಸಿರಾಗಿಸುವ ಹರಳು ಮಾಡಲು ಕೈಹಾಕಿದರೆ ಮೊದಲು ಎದುರಾಗುವ ಶತ್ರು ನೀರು. ಕೊನೆಯವರೆಗೂ ಕಾಡುವುದೂ ಅದೇ.

ಪುಡಿ ಬೇಕಾಗುವುದು ಸೋಡಿಯಂ ಇಟ್ರಿಯಂ ಫ್ಲೋರೈಡ್ ಎಂಬ ಹರಳಿಗೆ. ಇಟ್ರಿಯಂನ ನೂರು ಜಾಗಗಳಲ್ಲಿ 18ಕ್ಕೆ ಯಿಟರ್ಬಿಯಂ, 2ಕ್ಕೆ ಎರ್ಬಿಯಂ ಎಂಬ ವಿರಳ ಭಸ್ಮ (ರೇರ್ ಅರ್ತ್) ಲೋಹಗಳನ್ನು ಕೂರಿಸಿ, ಕಣ್ಣಿಗೆ ಕಾಣದ 980 ನ್ಯಾನೊಮೀಟರ್ ಅವಕೆಂಪು ಲೇಸರ್ ಬಿಟ್ಟರೆ ಹರಳು ಹಸಿರಾಗಿ ಬೆಳಗುತ್ತದೆ. ಯಿಟರ್ಬಿಯಂ ಬೆಳಕಿನ ಕಣವಾದ ಫೋಟಾನನ್ನು ಹೀರಿ, ಅದರ ಶಕ್ತಿಯನ್ನು ನೆರೆಯ ಎರ್ಬಿಯಂಗೆ ಕಂತಿನಲ್ಲಿ ದಾಟಿಸುತ್ತದೆ. ಎರಡನೇ ಕಂತು ಬರುವವರೆಗೂ ಎರ್ಬಿಯಂ ಮೊದಲಿನದನ್ನು ಹಿಡಿದಿಟ್ಟುಕೊಳ್ಳಬಲ್ಲದು. ಈ ದಾಟುವಿಕೆಯನ್ನು ಫ್ರಾನ್ಸಿನ ಫ್ರಾಂಸ್ವಾ ಒಝೆಲ್ 1966ರಲ್ಲಿ ವಿವರಿಸಿದರು.

ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ರೋಹಿತದಲ್ಲಿ ಕಾಣುವ ಗೆರೆಗಳು ಚೂಪು: ಹಸಿರಿನಲ್ಲಿ 525 ಮತ್ತು 545, ಕೆಂಪಿನಲ್ಲಿ 655 ನ್ಯಾನೊಮೀಟರ್ ಆಸುಪಾಸು. ಕ್ವಾಂಟಮ್ ಡಾಟ್ ಎಂಬ ಅರೆವಾಹಕ ಕಣಗಳಲ್ಲಿ ಗಾತ್ರ ಬದಲಾದರೆ ಬಣ್ಣವೂ ಬದಲು. ಇಲ್ಲಿ ಕಣ 10 ನ್ಯಾನೊಮೀಟರ್ ಇರಲಿ, 100 ಇರಲಿ, ಗೆರೆ ಕೂತಲ್ಲಿಂದ ಹೆಚ್ಚುಕಡಿಮೆ ಕದಲದು. ಬೆಳಕು ಹೊಮ್ಮಿಸುವ, ಎರ್ಬಿಯಂನ ಒಳಕವಚದ 4ಎಫ್ ಇಲೆಕ್ಟ್ರಾನುಗಳು ಹೊರಗಿನ 5ಎಸ್, 5ಪಿ ಕವಚಗಳ ಮರೆಯಲ್ಲಿ ಅಡಗಿರುವುದೇ ಕಾರಣ. ಹಾಗಾಗಿ ಗೆರೆ ಎಲ್ಲಿದೆ ಎಂದು ನೋಡಿ ಕಣದ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ಗೆರೆಗಳ ಪರಸ್ಪರ ಅನುಪಾತ, ಬೆಳಕು ಆರಲು ಹಿಡಿಯುವ ಸಮಯ, ಇವೆರಡೇ ಮಾತಾಡುತ್ತವೆ.

(ಕಚ್ಚಾ ವಸ್ತುವಿನ ಬಗ್ಗೆ ಒಂದು ಮಾತು. ಪ್ರಭಾದೇವಿಯಲ್ಲಿ ಸಿದ್ಧಿವಿನಾಯಕ ಗುಡಿಯ ಹತ್ತಿರ ಈ ಬಗೆಯ ಲೋಹಗಳನ್ನು ತೆಗೆಯುವ ಸರ್ಕಾರಿ ಸಂಸ್ಥೆ ಐಆರ್‌ಇಎಲ್‌ನ ಮುಖ್ಯ ಕಚೇರಿ ಇದೆ. ನಮ್ಮ ಕಡಲತೀರದ ಮರಳಿನ ಮೊನಜೈಟ್ ಖನಿಜದಲ್ಲಿ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ ಧಾರಾಳ. ಯಿಟರ್ಬಿಯಂ, ಎರ್ಬಿಯಂ ಮಾತ್ರ ಅದರಲ್ಲಿ ತೀರಾ ಅಲ್ಪ.)

ಹರಳು ತಯಾರಿಸುವ ರೂಢಿಯ ವಿಧಾನ ಹೀಗಿದೆ. ಇಟ್ರಿಯಂ, ಯಿಟರ್ಬಿಯಂ, ಎರ್ಬಿಯಂ ಕ್ಲೋರೈಡ್‌ಗಳನ್ನು 0.80, 0.18, 0.02 ಮಿಲಿಮೋಲ್ ಲೆಕ್ಕದಲ್ಲಿ 6 ಮಿಲಿಲೀಟರ್ ಓಲಿಕ್ ಆಮ್ಲ, 15 ಮಿಲಿಲೀಟರ್ ಆಕ್ಟಾಡೆಸೀನ್ ಜೊತೆ ಆರ್ಗಾನ್ ಅನಿಲದಡಿ 160 ಡಿಗ್ರಿಗೆ ಕಾಯಿಸಿ ಕರಗಿಸಬೇಕು. 50 ಡಿಗ್ರಿಗೆ ತಣಿದ ಮೇಲೆ 10 ಮಿಲಿಲೀಟರ್ ಮೆಥನಾಲ್‌ನಲ್ಲಿ ಕರಗಿಸಿದ 100 ಮಿಲಿಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, 148 ಮಿಲಿಗ್ರಾಂ ಅಮೋನಿಯಂ ಫ್ಲೋರೈಡ್ ಬೆರೆಸಿ ಅರ್ಧ ಗಂಟೆ ಕಲಕಬೇಕು. ಆಮೇಲೆ ಮೆಥನಾಲನ್ನು ಪೂರ್ತಿ ಓಡಿಸಿ, 300 ಡಿಗ್ರಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ಎಲ್ಲವೂ ಫ್ಯೂಮ್ ಹುಡ್ ಒಳಗೇ ಆಗಬೇಕು, ಫ್ಲೋರೈಡ್ ವಿಷ.

ಕೆಡುವುದು ಎರಡು ಕಡೆ. ಮೆಥನಾಲ್ ಉಳಿದಿದ್ದರೆ ಕಾವು ಏರುವಾಗ ಫ್ಲಾಸ್ಕ್ ಉಕ್ಕಿ ಕಂಡೆನ್ಸರ್‌ವರೆಗೂ ಚಿಮ್ಮುತ್ತದೆ. 100 ಡಿಗ್ರಿಯ ಹತ್ತಿರ ವ್ಯಾಕ್ಯೂಮ್ ಹಾಕಿ, ಗುಳ್ಳೆ ನಿಂತ ಮೇಲಷ್ಟೇ ಮುಂದುವರಿಯಬೇಕು. ಕಾವು ಅಥವಾ ಸಮಯ ಸಾಲದೆ ಹೋದರೆ, ಇಲ್ಲವೇ ತೇವದಿಂದ ಫ್ಲೋರೈಡ್ ಕಡಿಮೆ ಬಿದ್ದರೆ, ಹರಳು ಷಟ್ಕೋನ ರೂಪಕ್ಕೆ ಬಾರದೆ ಘನಾಕೃತಿಯಲ್ಲೇ ಉಳಿಯಬಹುದು. ಅದರ ಹಸಿರು ಬಲು ಮಂಕು. ಮಳೆಗಾಲದಲ್ಲಿ ಫ್ಲೋರೈಡ್ ಬಾಟಲಿಯನ್ನು ತೇವ ಹೀರುವ ಡೆಸಿಕೇಟರ್ ಪೆಟ್ಟಿಗೆಯಿಂದ ಹೊರಗೆ ಇಡಲೇಬಾರದು.

ಇಷ್ಟಾಗಿ ಹರಳು ಚೆನ್ನಾಗಿ ಬಂದರೂ ನೀರು ಇನ್ನೊಂದು ಬಾಗಿಲಿನಿಂದ ಬರುತ್ತದೆ. ಎರ್ಬಿಯಂನ ಶಕ್ತಿಮಟ್ಟಗಳ ನಡುವಿನ ಕೆಲವು ಮುಖ್ಯ ಅಂತರಗಳು 3000ದಿಂದ 3700 ವೇವ್‌ನಂಬರ್ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಲೆಕ್ಕದ ಶಕ್ತಿಯ ಅಳತೆ). ಫ್ಲೋರೈಡ್ ಹರಳಿನ ಸ್ವಂತ ಕಂಪನ ಸುಮಾರು 350; ಆ ಅಂತರ ಇಳಿಯಲು ಹತ್ತರಷ್ಟು ಕಂಪನಗಳು ಒಟ್ಟಿಗೆ ಕೂಡಿಬರಬೇಕು. ಅದು ಅಪರೂಪ, ಆದ್ದರಿಂದಲೇ ಬೆಳಕು ಉಳಿಯುತ್ತದೆ. ನೀರಿನ ಆಕ್ಸಿಜನ್–ಹೈಡ್ರೋಜನ್ ಬಂಧವೋ 3400ರಲ್ಲಿ ಕಂಪಿಸುತ್ತದೆ. ಒಂದೇ ಏಟಿಗೆ ಶಕ್ತಿ ಶಾಖವಾಗಿ ಹೋಗುತ್ತದೆ. ಹೀಗೆ ಅರ್ಧ ದಾರಿ ಇಳಿದ ಎರ್ಬಿಯಂ ಮತ್ತೆ ಮೇಲೇರಿದರೆ ಕೆಂಪು ಮಟ್ಟ ಸೇರುತ್ತದೆ. ಹಾಗಾಗಿ ನೀರಿಗೆ ಹಾಕಿದ ಕಣ ಮಂಕಾಗುವುದಷ್ಟೇ ಅಲ್ಲ, ಕೆಂಪಿಗೂ ವಾಲುತ್ತದೆ.

ಹೊರಮೈಯ ಅಯಾನುಗಳಿಗೆ ಮಾತ್ರ ಈ ಪೆಟ್ಟು ಎಂದುಕೊಂಡರೂ ಲೆಕ್ಕ ಭಯಂಕರ: 30 ನ್ಯಾನೊಮೀಟರ್ ಕಣದಲ್ಲಿ ಮೇಲ್ಮೈಯಿಂದ ಒಂದು ನ್ಯಾನೊಮೀಟರ್ ಒಳಗಿರುವ ಭಾಗ ಸುಮಾರು 19%, 10 ನ್ಯಾನೊಮೀಟರ್ ಕಣದಲ್ಲಿ 49%. ಸಾಲದ್ದಕ್ಕೆ ಯಿಟರ್ಬಿಯಂಗಳು ಶಕ್ತಿಯನ್ನು ಒಂದರಿಂದ ಒಂದಕ್ಕೆ ಸಾಗಿಸುತ್ತ ಒಳಗಿನದನ್ನೂ ಅಂಚಿಗೆ ತಂದು ಸುರಿಯುತ್ತವೆ. ಮದ್ದು ಸರಳ. ಬೆಳಗುವ ತಿರುಳಿನ ಸುತ್ತ ಯಿಟರ್ಬಿಯಂ, ಎರ್ಬಿಯಂ ಇಲ್ಲದ ಬರೀ ಸೋಡಿಯಂ ಇಟ್ರಿಯಂ ಫ್ಲೋರೈಡ್‌ನ ಕೆಲವು ನ್ಯಾನೊಮೀಟರ್ ಚಿಪ್ಪು ಬೆಳೆಸುವುದು. ನೀರೇ ಕಳ್ಳ ಎಂದು ಸಾಬೀತು ಮಾಡಬೇಕಿದ್ದರೆ ಅದೇ ಕಣವನ್ನು, ಹೈಡ್ರೋಜನ್ ಬದಲು ಭಾರದ ಡ್ಯೂಟೀರಿಯಂ ಇರುವ ಭಾರಜಲದಲ್ಲಿ ಅಳೆಯಬೇಕು. ಅಲ್ಲಿ ಬಂಧದ ಕಂಪನ 2500ಕ್ಕೆ ಇಳಿದಿರುವುದರಿಂದ ಬೆಳಕು ಹೆಚ್ಚು ಹೊತ್ತು ಉಳಿಯುತ್ತದೆ.

ಅಳೆಯುವಾಗಿನ ಎಡವಟ್ಟುಗಳು ಬೇರೆ. ಸ್ಥಿರೀಕರಿಸದ 980 ಡಯೋಡ್ ಲೇಸರ್‌ನ ತರಂಗಾಂತರ ಒಂದು ಡಿಗ್ರಿಗೆ ಸುಮಾರು 0.3 ನ್ಯಾನೊಮೀಟರ್ ಸರಿಯುತ್ತದೆ. ಯಿಟರ್ಬಿಯಂ ಹೀರುವ ಶಿಖರ 976ರ ಬಳಿ ಇದ್ದು, ಅಗಲ ಕಡಿಮೆ. ಎ.ಸಿ. ನಿಂತು ಲ್ಯಾಬ್ ಬಿಸಿಯಾದರೆ ಕಣ ಬದಲಾಗದೆಯೇ ತೀವ್ರತೆ ಏರುಪೇರಾಗುತ್ತದೆ. ಡಿಟೆಕ್ಟರ್ ಮುಂದೆ 850ಕ್ಕಿಂತ ಉದ್ದ ತರಂಗದ ಬೆಳಕನ್ನು ತಡೆಯುವ ಶಾರ್ಟ್‌ಪಾಸ್ ಫಿಲ್ಟರ್ ಕಡ್ಡಾಯ, ಕಣ್ಣಿಗೆ ಕನ್ನಡಕ ಅದಕ್ಕಿಂತ ಕಡ್ಡಾಯ: ಈ ಲೇಸರ್ ಕಾಣುವುದೇ ಇಲ್ಲ. ಅವಕೆಂಪಿನತ್ತ ಸ್ಕ್ಯಾನ್ ಮಾಡುವಾಗ 1090ರಲ್ಲಿ ಹೊಸ ಗೆರೆ ಕಂಡಿತೆಂದು ಹಿಗ್ಗಬೇಡಿ. ಅದು 545ರ ಹಸಿರೇ, ಬೆಳಕನ್ನು ಬಿಡಿಸುವ ಗ್ರೇಟಿಂಗ್‌ನ ಎರಡನೇ ಕ್ರಮದಲ್ಲಿ ಬಂದ ನೆರಳು. ಹಸಿರನ್ನು ತಡೆಯುವ ಲಾಂಗ್‌ಪಾಸ್ ಫಿಲ್ಟರ್ ಇಟ್ಟರೆ ಮಾಯ. ಆರುವ ಸಮಯ ಅಳೆಯುವಾಗ ಲೇಸರ್ ಮಿಡಿತಗಳ ನಡುವೆ 5ರಿಂದ 10 ಮಿಲಿಸೆಕೆಂಡ್ ಬಿಡುವು ಕೊಡಬೇಕು. ಇಲ್ಲದಿದ್ದರೆ ಒಂದು ಮಿಡಿತದ ಬಾಲ ಮುಂದಿನದರ ಮೇಲೆ ಬೀಳುತ್ತದೆ.

ಹೊಳೆಯುವ ಹಸಿರು ಕ್ಯುವೆಟ್‌ನ (ಮಾದರಿ ತುಂಬುವ ಪಾರದರ್ಶಕ ಪುಟ್ಟ ಪಾತ್ರೆ) ಫೋಟೊಗಳನ್ನು ನಂಬಲೇಬಾರದು. ಎರಡು ಫೋಟಾನ್‌ಗಳ ಆಟವಾದ್ದರಿಂದ, ಕಡಿಮೆ ಶಕ್ತಿಯಲ್ಲಿ ಲೇಸರ್ ಎರಡು ಪಟ್ಟಾದರೆ ಹಸಿರು ಸುಮಾರು ನಾಲ್ಕು ಪಟ್ಟಾಗುತ್ತದೆ; ಚದರ ಸೆಂಟಿಮೀಟರಿಗೆ ಎಷ್ಟು ವಾಟ್ ಎಂದು ಬರೆಯದ ಹೋಲಿಕೆಗೆ ಬೆಲೆಯಿಲ್ಲ. 2010ರಲ್ಲಿ ಪ್ರಕಟವಾದ ಅಳತೆಗಳಲ್ಲಿ ದಪ್ಪ ಹರಳಿನ ಕ್ವಾಂಟಮ್ ಇಳುವರಿ (ಹೀರಿದ ಫೋಟಾನುಗಳಿಗೆ ಹೊಮ್ಮಿದವು ಎಷ್ಟು ಎಂಬ ಲೆಕ್ಕ) ಸುಮಾರು 3%, 100 ನ್ಯಾನೊಮೀಟರ್ ಕಣದ್ದು 0.3%, ಹತ್ತರ ಆಸುಪಾಸಿನದು 0.005%.

525 ಮತ್ತು 545ರ ಅನುಪಾತವನ್ನು ಜೀವಕೋಶದ ಕಾವು ಅಳೆಯುವ ಥರ್ಮಾಮೀಟರ್ ಆಗಿಯೂ ಬಳಸುತ್ತಾರೆ. ಮೊದಲಿನ ಮಟ್ಟ ಎರಡನೆಯದಕ್ಕಿಂತ 750 ವೇವ್‌ನಂಬರ್‌ನಷ್ಟು ಮೇಲಿರುವುದರಿಂದ, ಕೋಣೆಯ ಉಷ್ಣತೆಯಲ್ಲಿ ಡಿಗ್ರಿಗೆ ಸುಮಾರು 1.2% ಏರಿಕೆ ಸಿಗುತ್ತದೆ. ಆದರೆ ನೀರು 980ನ್ನು ತಾನೂ ಹೀರಿ ಬಿಸಿಯಾಗುತ್ತದೆ. ಆಗ ಓದುವುದು ಜೀವಕೋಶದ ಕಾವನ್ನಲ್ಲ, ಲೇಸರ್ ಕೊಟ್ಟ ಕಾವನ್ನು. ನಿಯೋಡಿಮಿಯಂ ಸೇರಿಸಿದ ಕಣ ಮಾಡಿ 808ರಲ್ಲಿ ಉದ್ದೀಪಿಸಬಹುದು, ಅಲ್ಲಿ ನೀರಿನ ಹೀರಿಕೆ ಬಹಳ ಕಡಿಮೆ. ಅದು ಆಗದಿದ್ದರೆ ಲೇಸರ್ ಶಕ್ತಿಯನ್ನು ತಗ್ಗಿಸುತ್ತ ಹೋಗಿ, ಅನುಪಾತ ಇನ್ನು ಬದಲಾಗುವುದಿಲ್ಲ ಎನ್ನುವ ಹಂತ ಬಂದ ಮೇಲೆ ಕಾವು ಅಳೆಯುವ ತಂತಿಯಾದ ಥರ್ಮೋಕಪಲ್ ಜೊತೆ ತಾಳೆ ನೋಡಬೇಕು.