ಲೈಕು ಗಲ್ಲಾಕ್ಕೆ ಬೀಳುತ್ತಾ?

"ಬೆಣ್ಣೆ ದೋಸೆಗೆ ಯಾರಪ್ಪಾ ಫೇಸ್‌ಬುಕ್ ಮಾಡಿಕೊಟ್ಟಿದ್ದು?"

ದಾವಣಗೆರೆಯ ಅಂಗಡಿಗಳಲ್ಲಿ ಸೋಷಿಯಲ್ ಮೀಡಿಯಾ ಮಾತೆತ್ತಿದರೆ ಮೊದಲು ಬೀಳುವ ಏಟು ಇದೇ. ಅಂಗಡಿಗಳಿಗೆ ಫೋಟೊ, ವಿಡಿಯೊ ಮಾಡಿಕೊಡುವುದೇ ನನ್ನ ಕೆಲಸ, ಹಾಗಾಗಿ ಈ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಿಟ್ಟು ಬರುವುದಿಲ್ಲ. ಸಾವ್ಕಾರ್ರು ಬೇಡ ಅನ್ನುವುದರ ಹಿಂದೆ ಒಂದು ಕಥೆ ಇದೆ.

ಮೊದಲು ಪ್ರಚಾರ ಅಂದ್ರೆ ಕಣ್ಣಿಗೆ ಕಾಣುವ ಸಾಮಾನು. ಆಟೊಗೆ ಮೈಕ್ ಕಟ್ಟಿ ಊರು ಸುತ್ತಿಸುವುದು, ಪೇಪರ್ ಒಳಗೆ ಕರಪತ್ರ ಸೇರಿಸುವುದು, ಟಾಕೀಸಿನಲ್ಲಿ ಸ್ಲೈಡು, ದುಗ್ಗಮ್ಮನ ಜಾತ್ರೆ ಬಂದ್ರೆ ಒಂದು ಫ್ಲೆಕ್ಸು. ಇಷ್ಟು ರೊಕ್ಕ ಕೊಟ್ಟೆ, ಇಷ್ಟು ಸಿಕ್ತು, ಮುಗೀತು. ಉಳಿದದ್ದೆಲ್ಲ ಬಾಯಿಂದ ಬಾಯಿಗೆ.

2007ರಲ್ಲಿ ಫೇಸ್‌ಬುಕ್ ವ್ಯಾಪಾರಿಗಳಿಗೆ ಅಂತ 'ಪೇಜ್' ಶುರು ಮಾಡಿತು. ಪುಕ್ಕಟೆ. ನಮ್ಮ ಕಡೆ ಅದು ತಲುಪುವ ಹೊತ್ತಿಗೆ ಕೆಲವು ವರ್ಷ ಆಗಿತ್ತು, ಆದರೆ ಬಂದ ಮೇಲೆ ಒಂಥರಾ ಜ್ವರ. ನಮ್ಮ ಮಾವನ ಬಟ್ಟೆ ಅಂಗಡಿಗೂ ಒಬ್ಬರು ಬಂದು, ಸಾವಿರಾರು ಲೈಕ್ ತರಿಸ್ತೀವಿ ಅಂತ ದುಡ್ಡು ತಗೊಂಡು ಹೋದರು. ಲೈಕ್ ಬಂದವು ಹೌದು, ಆದರೆ ಅದರಲ್ಲಿ ಕನ್ನಡ ಹೆಸರು ಹುಡುಕಿದರೂ ಸಿಗಲಿಲ್ಲ. ಮಾವ ಇವತ್ತಿಗೂ ಅದನ್ನೇ ಆಡಿಕೊಂಡು ನಗ್ತಾರೆ.

ಅಷ್ಟರಲ್ಲಿ ಫೇಸ್‌ಬುಕ್ಕೇ ಆಟ ಬದಲಿಸಿತು. ಜಾಹೀರಾತು ಸಂಸ್ಥೆ ಒಗಿಲ್ವಿ ನೂರಕ್ಕೂ ಹೆಚ್ಚು ಬ್ರ್ಯಾಂಡ್ ಪೇಜ್‌ಗಳನ್ನು ನೋಡಿ ಹೇಳಿದ್ದು ಇದು: 2013ರ ಅಕ್ಟೋಬರ್‌ನಲ್ಲಿ ಒಂದು ಪೋಸ್ಟ್ ಪೇಜ್ ಮೆಚ್ಚಿದವರಲ್ಲಿ ಶೇ 12ರಷ್ಟು ಜನಕ್ಕೆ ತಲುಪುತ್ತಿತ್ತು, 2014ರ ಫೆಬ್ರುವರಿಗೆ ಅದು ಶೇ 6ಕ್ಕೆ ಇಳಿದಿತ್ತು. ಜಾಸ್ತಿ ಜನ ನೋಡಬೇಕಾ, ದುಡ್ಡು ಹಾಕಿ 'ಬೂಸ್ಟ್' ಮಾಡಿ. ಕೂಡಿಸಿದ ಗಿರಾಕಿಗಳನ್ನು ಮಾತಾಡಿಸೋಕೂ ಬಾಡಿಗೆ ಕೊಡಬೇಕು ಅಂದ್ರೆ ಯಾವ ವ್ಯಾಪಾರಿಗೆ ತಲೆ ಕೆಡಲ್ಲ ಹೇಳಿ?

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, ಡೇಟಾ ಸೋವಿ ಆಯ್ತು, ಗಿರಾಕಿಗಳೆಲ್ಲ ಫೋನಿನೊಳಗೆ ಹೋದರು. 2018ರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದಾಗ ಯಾರನ್ನೂ ಯಾರೂ ಒಪ್ಪಿಸಬೇಕಾಗಲಿಲ್ಲ, ಯಾಕಂದ್ರೆ ಅದು ನಂಬರು ಇದ್ದವರ ಜೊತೆ ಮಾತು, ಅಂಗಡಿ ಕಟ್ಟೆ ಮೇಲೆ ಕೂತು ಮಾತಾಡಿದ ಹಾಗೆ. ಟಿಕ್‌ಟಾಕ್ ಕಥೆ ಬೇರೆ. ಅದರಲ್ಲಿ ಹೆಸರು ಮಾಡಿದ್ದವರ ಪಾಡು 2020ರ ಜೂನ್ 29ರಂದು ಸರ್ಕಾರ ಅದನ್ನು ನಿಷೇಧಿಸಿದಾಗ ಒಂದೇ ರಾತ್ರಿಗೆ ಸೊನ್ನೆ. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂತು, ಮತ್ತೆ ಮೊದಲಿನಿಂದ ಶುರು.

ಇನ್ನೊಂದು ಭಯ ಯಾರೂ ಬಾಯಿಬಿಟ್ಟು ಹೇಳಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತಲ್ಲ, ಬೆಂಗಳೂರಿನಲ್ಲಿ ಕ್ಯೂಆರ್ ಕೋಡ್ ಕಿತ್ತು 'ಬರೀ ಕ್ಯಾಶ್' ಅಂತ ಬರೆದು ಅಂಟಿಸಿದ್ದರಲ್ಲ, ಹಳೆ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿಯೇ ಹೇಳಬೇಕಾಯ್ತು. ಅಂಥ ಹೊತ್ತಿನಲ್ಲಿ ನಾನು ಹೋಗಿ "ನಿಮ್ಮ ಅಂಗಡಿ ಎಲ್ಲರಿಗೂ ಕಾಣಬೇಕು ಯಜಮಾನ್ರೇ" ಅಂದ್ರೆ ಅವರು ಏನಂತಾರೆ? "ಕಾಣೋದೇ ಬ್ಯಾಡ ಬಿಡಪಾ."

ಇನ್ನು ಬೆಣ್ಣೆ ದೋಸೆ ಪ್ರಶ್ನೆ. ಅದು ಬಾಯಿಂದ ಬಾಯಿಗೇ ಬೆಳೆದದ್ದು, ಒಪ್ಪಿದೆ. ಆದರೆ ಅದಕ್ಕೆ ಎಷ್ಟೋ ವರ್ಷ ಹಿಡಿಯಿತು, ಆಮೇಲೆ 'ದಾವಣಗೆರೆ' ಅಂತ ಬೋರ್ಡ್ ಹಾಕಿ ದುಡಿದವರು ಬೆಂಗಳೂರಿನಲ್ಲೂ ಬೇಕಾದಷ್ಟು ಜನ. ಇತ್ತ ಹೈವೇ ಬಿಟ್ಟು ಪಿ.ಬಿ. ರಸ್ತೆಗೆ ಇಳಿದ ಕಾರಿನವನು ಈಗ ದಾರೀಲಿ ಯಾರನ್ನೂ ಕೇಳಲ್ಲ, ಮ್ಯಾಪ್ ತೋರಿಸಿದ ಕಡೆ ಹೋಗ್ತಾನೆ. ಗಲ್ಲಿಯೊಳಗಿನ ಒಳ್ಳೆ ಹೋಟೆಲ್ ಅದರಲ್ಲಿ ಇಲ್ಲ ಅಂದ್ರೆ ಅವನ ಪಾಲಿಗೆ ಊರಲ್ಲೇ ಇಲ್ಲ.

ನಾನೀಗ 'ಬ್ರ್ಯಾಂಡ್' ಅನ್ನೋ ಪದ ಬಳಸೋದೇ ಬಿಟ್ಟಿದ್ದೇನೆ. ಮ್ಯಾಪಿನಲ್ಲಿ ಅಂಗಡಿ ಜಾಗ, ತೆಗೆಯೋ ಹೊತ್ತು ಸರಿ ಮಾಡಿ, ದಿನಕ್ಕೊಂದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿಸಿ, ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಡಿಸ್ತೀನಿ. ಹೊಸ ಗಿರಾಕಿ ಬಂದ್ರೆ "ಎಲ್ಲಿ ನೋಡಿ ಬಂದ್ರಿ?" ಅಂತ ಕೇಳಿ ಬರೀಬೇಕು, ಅಷ್ಟೇ. ಮಾವನ ಅಂಗಡಿಯ ನೋಟ್‌ಬುಕ್ ಮೊನ್ನೆ ತಿರುವಿ ನೋಡಿದೆ. ಪುಟ ಪುಟಕ್ಕೂ ಸ್ಟೇಟಸ್, ಮ್ಯಾಪ್, ಸ್ಟೇಟಸ್. ರೀಲ್ಸ್ ಅಲ್ಲೊಂದು ಇಲ್ಲೊಂದು. ನಾನು ದುಡ್ಡು ಜಾಸ್ತಿ ತಗೊಳ್ಳೋದು ರೀಲ್ಸಿಗೇ, ಮಾವನಿಗೆ ಅದೂ ಗೊತ್ತಾಗಿದೆ.