ಪೋಸ್ಟರ್ ಮುಂದೆ ಯಾರು ನಿಲ್ಲುತ್ತಾರೆ?

ಸಂಶೋಧನಾ ಸಮ್ಮೇಳನಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಒಬ್ಬ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ದಾಳಿಂಬೆ ಗಿಡದ ಬುಡಕ್ಕೆ ಹೊದಿಕೆ ಹಾಕಿದರೆ ಎಷ್ಟು ನೀರು ಉಳಿಯುತ್ತದೆ ಎಂದು ಎರಡು ಹಂಗಾಮು ಬಿಸಿಲಲ್ಲಿ ನಿಂತು ಅಳೆದವಳು. ಕೆಲಸ ಚೆನ್ನಾಗಿತ್ತು. ಅದನ್ನು ಒಂದೇ ಹಾಳೆಯಲ್ಲಿ ತೋರಿಸಲು ಗೋಡೆಗೆ ಹಾಕುವ ಪೋಸ್ಟರ್‌ನಲ್ಲಿ ಮಾತ್ರ ಪ್ರಬಂಧದ ಮೊದಲ ಅಧ್ಯಾಯವೇ ಬಂದು ಕೂತಿತ್ತು. ಇಪ್ಪತ್ತು ಸಾಲು ಪೀಠಿಕೆ, ಆರು ಕೋಷ್ಟಕ. ‘ನೀನು ಕಂಡುಕೊಂಡಿದ್ದು ಇದರಲ್ಲಿ ಎಲ್ಲಿದೆ?’ ಎಂದೆ. ಕೆಳಗೆ ಬಲಮೂಲೆಗೆ ಬೆರಳಿಟ್ಟಳು. ಅಲ್ಲಿ ಒಂದು ಸಾಲು ಇತ್ತು, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ.

ಬಾಗಲಕೋಟೆಯಲ್ಲಿ ತೋಟಗಾರಿಕೆ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುವ ನನಗೆ ಇದು ಪ್ರತಿ ವರ್ಷ ಕಾಣುವ ಸಂಗತಿ. ಪೋಸ್ಟರ್ ನೋಡುವವರು ಕೂತು ಓದುವುದಿಲ್ಲ. ಚಹಾ ಕಪ್ ಹಿಡಿದು ಸಾಲು ಸಾಲು ಪೋಸ್ಟರ್ ದಾಟುತ್ತಾ ಹೋಗುತ್ತಾರೆ. ನಿಲ್ಲಬೇಕೋ ಬೇಡವೋ ಎಂದು ಕೆಲವೇ ಸೆಕೆಂಡಿನಲ್ಲಿ ತೀರ್ಮಾನ ಆಗಿಬಿಡುತ್ತದೆ. 2019ರಲ್ಲಿ ಅಮೆರಿಕದ ಮೈಕ್ ಮಾರಿಸನ್ ಎಂಬ ಸಂಶೋಧನಾ ವಿದ್ಯಾರ್ಥಿ ಇದನ್ನೇ ಹಿಡಿದು ಹೊಸ ಮಾದರಿ ತೋರಿಸಿದರು. ಮುಖ್ಯ ಫಲಿತಾಂಶ ನಡುವೆ ದೊಡ್ಡದಾಗಿ, ಸರಳ ಮಾತಿನಲ್ಲಿ. ಉಳಿದದ್ದು ಅಕ್ಕಪಕ್ಕ. ಆ ಮಾದರಿಯನ್ನು ಹಾಗೇ ಇಳಿಸಬೇಕೆಂದೇನಿಲ್ಲ. ಆದರೆ ತಲೆಬರಹದಲ್ಲೇ ಉತ್ತರ ಇರಲಿ. ‘ದಾಳಿಂಬೆಯಲ್ಲಿ ಹೊದಿಕೆಯ ಪರಿಣಾಮಗಳ ಕುರಿತು ಅಧ್ಯಯನ’ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ‘ಬುಡಕ್ಕೆ ಹೊದಿಕೆ ಹಾಕಿದರೆ ದಾಳಿಂಬೆಗೆ ಕಡಿಮೆ ನೀರು ಸಾಕು’ ಎಂದರೆ ನಿಲ್ಲುತ್ತಾರೆ, ಅಲ್ವಾ?

ಅಕ್ಷರದ ಅಳತೆಗೆ ನಾನು ಒಂದೇ ಪರೀಕ್ಷೆ ಇಟ್ಟಿದ್ದೇನೆ. ಪೋಸ್ಟರನ್ನು ಮೊದಲು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಯಿರಿ. ನಮ್ಮ ಪೋಸ್ಟರಿನ ಹಾಳೆ ಎ0, ಎಂದರೆ 84.1 ಸೆಂ.ಮೀ. ಅಗಲ, 118.9 ಸೆಂ.ಮೀ. ಉದ್ದ. ಎ4ಗೆ ಇಳಿದಾಗ ಪ್ರತಿ ಅಕ್ಷರದ ಎತ್ತರ ಕಾಲು ಭಾಗ ಆಗುತ್ತದೆ. 24 ಪಾಯಿಂಟ್ ಇದ್ದದ್ದು 6 ಪಾಯಿಂಟ್. ಕೈಯಲ್ಲಿ ಹಿಡಿದ ಎ4 ಓದಲು ಆಗದಿದ್ದರೆ, ಮೂರು ಹೆಜ್ಜೆ ದೂರದಿಂದ ಗೋಡೆ ಮೇಲಿನದ್ದೂ ಓದಲು ಆಗುವುದಿಲ್ಲ. ಒಳಗಿನ ಬರಹಕ್ಕೆ 32, ತಲೆಬರಹಕ್ಕೆ 90ರ ಆಸುಪಾಸು ಇಡಿ. ಕನ್ನಡದಲ್ಲಿ ಮಾಡುವುದಾದರೆ ಇನ್ನೂ ಸ್ವಲ್ಪ ಜಾಸ್ತಿ ಬೇಕು, ಸಾಲುಗಳ ನಡುವೆ ಜಾಗವೂ ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ.

ಇನ್ನು ಪ್ರಿಂಟಿಂಗ್. ಹೆಚ್ಚಿನ ಅನಾಹುತ ಆಗುವುದು ಇಲ್ಲೇ. ಪವರ್‌ಪಾಯಿಂಟ್ ತೆರೆದ ಕೂಡಲೇ ಪುಟದ ಅಳತೆ ಬದಲಿಸಿ, ಆಮೇಲೆ ಕೆಲಸ ಶುರು ಮಾಡಿ. ಮಾಮೂಲಿ ಸ್ಲೈಡ್ ಮೇಲೆ ಎಲ್ಲ ಜೋಡಿಸಿ ಕೊನೆಗೆ ಅಳತೆ ಬದಲಿಸಿದರೆ ಇಟ್ಟದ್ದೆಲ್ಲ ಅತ್ತಿತ್ತ ಆಗುತ್ತದೆ. ನಮ್ಮ ಕಡೆ ಫ್ಲೆಕ್ಸ್ ಅಂಗಡಿಯವರು ಫೂಟಿನ ಲೆಕ್ಕದವರು. ಎ0 ಎಂದರೆ ಸುಮಾರು 2.76 ಫೂಟು ಅಗಲ, 3.9 ಫೂಟು ಉದ್ದ. ಅದನ್ನು ಸುಮ್ನೆ ‘ಮೂರು ಬೈ ನಾಲ್ಕು’ ಎಂದು ಎಳೆದು ಕೂಡಿಸಿಬಿಡುತ್ತಾರೆ. ಉದ್ದಕ್ಕಿಂತ ಅಗಲ ಜಾಸ್ತಿ ಹಿಗ್ಗಿ, ಒಮ್ಮೆ ನಮ್ಮ ದಾಳಿಂಬೆಗಳೆಲ್ಲ ಚಪ್ಪಟೆ ಆಗಿದ್ದವು. ‘ಎಳೆಯಬೇಡಿ, ಇದ್ದ ಅಳತೆಗೇ ಹೊಡೆಯಿರಿ’ ಎಂದು ಬಾಯಿಬಿಟ್ಟು ಹೇಳಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್ ಬಳಸಿ, ಪಿಡಿಎಫ್ ಮಾಡಿಯೇ ಕೊಡಿ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡರೆ ಅವು ಕುಗ್ಗಿ ಬರುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಗ್ರಾಫಿನಲ್ಲಿ ಕೆಂಪು ಹಸಿರು ಅಕ್ಕಪಕ್ಕ ಬೇಡ. ಆ ಎರಡು ಬಣ್ಣದ ವ್ಯತ್ಯಾಸ ಕಾಣದವರು ನಮ್ಮ ನಡುವೆ ಇದ್ದಾರೆ. ನೀಲಿ ಮತ್ತು ಕಿತ್ತಳೆ ಆದರೆ ತೊಂದರೆ ಇಲ್ಲ.

ಪೋಸ್ಟರ್ ಪಕ್ಕ ನಿಲ್ಲುವವರಿಗೆ ಎರಡು ನಿಮಿಷದ ಮಾತು ಬಾಯಿಗೆ ಬರಬೇಕು. ಗೋಡೆ ಕಡೆ ತಿರುಗಿ ಓದಿ ಹೇಳಬಾರದು. ನನ್ನ ವಿದ್ಯಾರ್ಥಿಗಳಿಂದ ಇದನ್ನು ಮನೆಯವರ ಮುಂದೆ ಹೇಳಿಸುತ್ತೇನೆ. ಅವ್ವನಿಗೆ ಅರ್ಥವಾದರೆ ತೀರ್ಪುಗಾರರಿಗೂ ಅರ್ಥವಾಗುತ್ತದೆ.

ಆ ಹುಡುಗಿ ನಾಲ್ಕು ಕೋಷ್ಟಕ ತೆಗೆದಳು, ಪೀಠಿಕೆಯನ್ನು ಮೂರು ಸಾಲಿಗೆ ಇಳಿಸಿದಳು. ಸಮ್ಮೇಳನ ಮುಗಿದ ಮೇಲೆ ಅದನ್ನೇ ಕನ್ನಡದಲ್ಲಿ ಮಾಡಿ ರೈತರು ಬರುವ ಮೇಳದಲ್ಲಿ ತೂಗುಹಾಕಿದೆವು. ಹಿರಿಯರೊಬ್ಬರು ತಲೆಬರಹ ಓದಿದರು, ಹತ್ತಿರ ಬಂದು ಗ್ರಾಫ್ ನೋಡಿದರು. ಆಮೇಲೆ ಅವಳನ್ನು ಕೇಳಿದರು: ‘ಹೊದಿಕಿ ಅಂದ್ರ ಪ್ಲಾಸ್ಟಿಕ್ ಹಾಳಿ ಏನವಾ, ಕಬ್ಬಿನ ರವದಿ ಏನು?’

ರವದಿ (ಕಬ್ಬಿನ ಒಣಗಿದ ಎಲೆ) ಎಂಬ ಮಾತು ಪೋಸ್ಟರ್‌ನಲ್ಲಿ ಎಲ್ಲೂ ಇರಲಿಲ್ಲ. ಅವಳು ಚೀಲದಿಂದ ಮಾರ್ಕರ್ ತೆಗೆದು, ತಲೆಬರಹದ ಕೆಳಗೆ ಅಲ್ಲೇ ಬರೆದಳು.