ದೋಣಿಯಲ್ಲಿ ಸಂಸಾರ ಹೂಡುವವರಿಗೆ

ಗಂಗಾವತಿಯಲ್ಲಿ ಕುಳಿತು ದೋಣಿಯ ವಿಚಾರ ಬರೆಯುವವನನ್ನು ಕಂಡರೆ ನಗು ಬರುವುದು ಸಹಜ. ಸಮುದ್ರ ಇಲ್ಲಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ಆದರೂ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ವೃತ್ತಿ ಆರಂಭಿಸಿ, ಆಮೇಲೆ ಸಣ್ಣ ದೋಣಿಗಳ ತಪಾಸಣೆಗೆ ಇಳಿದ ನನಗೆ ಈಚೆಗೆ ಊರಿನಲ್ಲೇ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಅವರಲ್ಲಿ ಎರಡು ಬಗೆ. ಇಂಗ್ಲೆಂಡಿನಲ್ಲಿ ನೌಕರಿ ಮಾಡುತ್ತಾ, ಬಾಡಿಗೆ ಕಟ್ಟಿ ಬೇಸತ್ತು, ಕಾಲುವೆಯ ದೋಣಿಯೊಂದನ್ನು ಕೊಂಡು ಅದರಲ್ಲೇ ಇರುತ್ತೇನೆಂದು ಹಟ ಹಿಡಿದ ಮಕ್ಕಳ ತಂದೆತಾಯಿ ಒಂದು ಬಗೆ. ತುಂಗಭದ್ರೆಯ ಹಿನ್ನೀರಿನಲ್ಲಿ ಕೇರಳದ ಹಾಗೆ ಹೌಸ್‌ಬೋಟ್ ಬಿಟ್ಟರೆ ಹೇಗೆ ಎಂದು ಲೆಕ್ಕ ಹಾಕುವವರು ಇನ್ನೊಂದು ಬಗೆ. ಇಬ್ಬರೂ ಕೇಳುವುದು ಅವೇ ಎರಡು ಪ್ರಶ್ನೆ: ಮುಳುಗುವುದಿಲ್ಲವೇ? ಕುಡಿಯುವ ನೀರಿಗೆ ಏನು ಮಾಡುತ್ತಾರೆ?

ನೀರಿನ ಪ್ರಶ್ನೆಗೆ ಉತ್ತರ ನಮ್ಮವರಿಗೆ ಆಗಲೇ ಗೊತ್ತಿದೆ. ಇಂಗ್ಲೆಂಡಿನ ಕಾಲುವೆ ದೋಣಿಯಲ್ಲಿ ಸುಮಾರು ಐನೂರು ಲೀಟರ್ ಹಿಡಿಯುವ ಟ್ಯಾಂಕ್ ಇರುತ್ತದೆ ಎಂದಿಟ್ಟುಕೊಳ್ಳಿ. ದಡದಲ್ಲಿ ಅಲ್ಲಲ್ಲಿ ಇರುವ ನಲ್ಲಿಗೆ ಪೈಪ್ ಹಚ್ಚಿ ತುಂಬಿಸಿಕೊಳ್ಳಬೇಕು. ತಲೆಗೆ ದಿನಕ್ಕೆ ಇಪ್ಪತ್ತೈದು ಲೀಟರ್‌ನಂತೆ ಬಳಸಿದರೆ ಇಬ್ಬರಿಗೆ ಹತ್ತು ದಿನ ಬರುತ್ತದೆ. ನಮ್ಮ ದೇಶದಲ್ಲಿ ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ಸರ್ಕಾರಿ ಮಾನದಂಡ. ನಲ್ಲಿಯಲ್ಲಿ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ನೀರು ಕಂಡು, ಸಂಪು, ಡ್ರಮ್ಮು, ಕೊಡ ಎಲ್ಲವನ್ನೂ ತುಂಬಿಟ್ಟುಕೊಂಡು ಬದುಕಿದ ಬಳ್ಳಾರಿಯ ಗೃಹಿಣಿಗೆ ಆ ಮಾನದಂಡ ಓದಿದರೆ ನಗು, ದೋಣಿಯ ಟ್ಯಾಂಕು ಕಂಡರೆ ನಿರಾಳ. ಅವರಿಗೆ ಹೊಸದಾಗಿ ಹೇಳಬೇಕಾದದ್ದು ಒಂದೇ: ಐನೂರು ಲೀಟರ್ ಎಂದರೆ ಐನೂರು ಕಿಲೋ ಭಾರ. ಟ್ಯಾಂಕು ಸಾಮಾನ್ಯವಾಗಿ ದೋಣಿಯ ಮೂತಿಯಲ್ಲಿರುತ್ತದೆ. ನೀರು ಖಾಲಿಯಾದಂತೆ ಮೂತಿ ಮೇಲೇಳುತ್ತದೆ, ನೆಲದ ಓಟ ಬದಲಾಗುತ್ತದೆ, ಬಚ್ಚಲಿನ ನೀರು ಒಂದು ಮೂಲೆಯಲ್ಲಿ ನಿಲ್ಲತೊಡಗುತ್ತದೆ.

ನಮ್ಮ ಬಯಲುಸೀಮೆಯವರಿಗೆ ಅಂದಾಜೇ ಇಲ್ಲದ ಸಂಗತಿ ತೇವ. ದೋಣಿಯ ಹೊರಗಿನ ನೀರಿಗಿಂತ ಒಳಗಿನ ನೀರೇ ಹೆಚ್ಚು ಕಾಟ ಕೊಡುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಬ್ಬ ಮನುಷ್ಯ ಉಸಿರು, ಬೆವರಿನಲ್ಲೇ ದಿನಕ್ಕೆ ಲೀಟರ್‌ನಷ್ಟು ನೀರನ್ನು ಗಾಳಿಗೆ ಬಿಡುತ್ತಾನೆ. ಅಡುಗೆ ಅನಿಲ ಒಂದು ಕಿಲೋ ಉರಿದರೆ ಸುಮಾರು 1.6 ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಉರಿಯುವಾಗ ಅನಿಲದೊಳಗಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ, ಅಷ್ಟೇ. ಅನ್ನದ ಹಬೆ, ಸ್ನಾನದ ಹಬೆ, ಒಳಗೇ ಹರವಿದ ಒದ್ದೆ ಬಟ್ಟೆ ಸೇರಿಸಿದರೆ ಗಂಡ ಹೆಂಡತಿ ಇಬ್ಬರಿರುವ ದೋಣಿಯಲ್ಲಿ ದಿನಕ್ಕೆ ಮೂರು ಲೀಟರ್‌ಗೆ ಮೋಸವಿಲ್ಲ. ದೋಣಿಯ ಅಗಲವಾದರೂ ಎಷ್ಟು? ಏಳು ಅಡಿಗೂ ಕಡಿಮೆ. ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ ಆ ಕಾಲುವೆಗಳಲ್ಲಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಲಾಕ್‌ಗಳು ಅಷ್ಟೇ ಕಿರಿದು. ಹೀಗಾಗಿ ಮನೆ ನಮ್ಮ ಸಾರಿಗೆ ಬಸ್ಸಿಗಿಂತ ಸಪೂರ. ಅಷ್ಟು ಸಣ್ಣ ಜಾಗದಲ್ಲಿ ಹೊರಟ ಆವಿ ಚಳಿಗಾಲದ ತಣ್ಣನೆಯ ಉಕ್ಕಿನ ಗೋಡೆ ಮುಟ್ಟಿದೊಡನೆ ನೀರಾಗಿ ಇಳಿಯುತ್ತದೆ.

ಇಳಿದದ್ದು ಎಲ್ಲಿಗೆ ಹೋಗುತ್ತದೆ? ಕಿಟಕಿಯ ಚೌಕಟ್ಟಿಗೆ, ಬಟ್ಟೆಯ ಕಪಾಟಿನ ಹಿಂಬದಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹಾಸಿಗೆಯ ಅಡಿಗೆ. ತಪಾಸಣೆಗೆ ಹೋದಾಗ ಎಂಜಿನ್ ನೋಡುವ ಮೊದಲು ನಾನು ಹಾಸಿಗೆ ಎತ್ತುತ್ತೇನೆ. ಅಡಿಯಲ್ಲಿ ಕಪ್ಪು ಬೂಷ್ಟಿನ ಚುಕ್ಕೆ ಇದ್ದರೆ ಆ ಮನೆಯವರು ಗಾಳಿಕಿಂಡಿ ಮುಚ್ಚಿಕೊಂಡು ಮಲಗುತ್ತಾರೆ ಎಂದು ಅರ್ಥ. ಊರಿನಿಂದ ತಾಯಿ ಕಟ್ಟಿಕೊಟ್ಟ ಕಡಕ್ ರೊಟ್ಟಿ ಇನ್ನೊಂದು ಪರೀಕ್ಷೆ. ರಾಯಚೂರಿನ ಬಿಸಿಲಿನಲ್ಲಿ ತಿಂಗಳಾದರೂ ಪಟಪಟ ಮುರಿಯುವ ರೊಟ್ಟಿ ದೋಣಿಯಲ್ಲಿ ಎರಡೇ ದಿನಕ್ಕೆ ಬಾಗುತ್ತದೆ, ಶೇಂಗಾ ಚಟ್ನಿಪುಡಿ ಗಂಟುಕಟ್ಟುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬಿಟ್ಟು ಬೇರೆ ದಾರಿಯಿಲ್ಲ. ಹಾಸಿಗೆಯನ್ನು ಹಲಗೆಯ ಮೇಲೆ ನೇರವಾಗಿ ಹಾಸದೆ ಸಂದುಬಿಟ್ಟ ಪಟ್ಟಿಗಳ ಮೇಲೆ ಹಾಸಬೇಕು. ಅಡುಗೆ ಮಾಡುವಾಗ ಮೈ ಕೊರೆಯುವ ಚಳಿಯಿದ್ದರೂ ಒಂದು ಕಿಟಕಿ ತೆರೆದಿರಬೇಕು. ಚಳಿಗಾಲದಲ್ಲಿ ಡೀಸೆಲ್ ಟ್ಯಾಂಕನ್ನು ಅರ್ಧ ಖಾಲಿ ಬಿಡಬಾರದು, ಏಕೆಂದರೆ ಖಾಲಿ ಭಾಗದ ಗಾಳಿಯಲ್ಲಿರುವ ತೇವ ಅಲ್ಲಿಯೂ ನೀರಾಗಿ ಇಳಿದು ಇಂಧನದ ತಳ ಸೇರುತ್ತದೆ, ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟುತ್ತದೆ.

‘ಚಳಿ ಬರದಂತೆ ಸಂದುಗೊಂದನ್ನೆಲ್ಲ ಬಟ್ಟೆ ತುರುಕಿ ಮುಚ್ಚಿಬಿಡು ಎಂದು ಮಗನಿಗೆ ಹೇಳಿದ್ದೇನೆ ಸಾರ್’ ಎಂದರು ಸಿಂಧನೂರಿನ ಭತ್ತದ ರೈತರೊಬ್ಬರು. ಆ ಮಾತನ್ನು ಈಗಲೇ ವಾಪಸ್ ತೆಗೆದುಕೊಳ್ಳಿ ಎಂದೆ. ದೋಣಿಯಲ್ಲಿ ಸೌದೆ ಅಥವಾ ಕಲ್ಲಿದ್ದಲಿನ ಒಲೆ ಉರಿಯುತ್ತಿರುತ್ತದೆ. ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. ಬ್ರಿಟನ್ನಿನಲ್ಲಿ 2019ರ ಏಪ್ರಿಲ್‌ನಿಂದ ಇಂತಹ ದೋಣಿಗಳಿಗೆ ಅದರ ಅಲಾರಂ ಕಡ್ಡಾಯ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪ್ರಮಾಣಪತ್ರವೂ ಬೇಕು. ಅಡುಗೆ ಅನಿಲದ ಅಪಾಯ ಬೇರೆ ಬಗೆಯದು. ಅದು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದು ಹೊರಗೆ ಹಾಕಬಹುದು, ದೋಣಿಯಲ್ಲಿ ಸೋರಿದ್ದು ತಳದ ಹೊಟ್ಟೆಗಿಳಿದು ಅಲ್ಲಿಯೇ ಕೂರುತ್ತದೆ. ಪಂಪಿನ ಸ್ವಿಚ್‌ನ ಒಂದು ಕಿಡಿ ಸಾಕು. ಆದ್ದರಿಂದ ಸಿಲಿಂಡರ್ ಹೊರಗಿನ ಪೆಟ್ಟಿಗೆಯಲ್ಲಿರಬೇಕು, ಆ ಪೆಟ್ಟಿಗೆಯ ತಳದಲ್ಲಿ ನೀರಿನ ಕಡೆಗೆ ತೆರೆದ ಕಿಂಡಿ ಇರಬೇಕು.

ವಿದ್ಯುತ್ತಿನ ಲೆಕ್ಕವೂ ನಮ್ಮವರಿಗೆ ಹೊಸದಲ್ಲ. ನಮ್ಮ ಮನೆಗಳ ಇನ್ವರ್ಟರ್‌ನ 150 ಆಂಪಿಯರ್-ಅವರ್ ಬ್ಯಾಟರಿ ಹೆಸರಿಗೆ 1.8 ಯೂನಿಟ್ ಹಿಡಿಯುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ, ಹಾಗಾಗಿ ಕೈಗೆ ಸಿಗುವುದು 0.9 ಯೂನಿಟ್. ಇದರ ಮೇಲೆ 2,000 ವ್ಯಾಟ್‌ನ ಇಂಡಕ್ಷನ್ ಒಲೆ ಹಚ್ಚಿದರೆ 12 ವೋಲ್ಟ್‌ನಲ್ಲಿ 160 ಆಂಪಿಯರ್‌ಗೂ ಹೆಚ್ಚು ಹರಿಯುತ್ತದೆ, ತೆಳ್ಳನೆಯ ತಂತಿಯಾದರೆ ಅನ್ನಕ್ಕಿಂತ ಮೊದಲು ಅದೇ ಬೇಯುತ್ತದೆ. ಸೌರಫಲಕ ಇದೆಯಲ್ಲ ಎಂದರೆ, ಅದು ಬಳ್ಳಾರಿಯ ಸೂರ್ಯನಿಗೆ ಹೇಳುವ ಮಾತು. ಲಂಡನ್ನಿನಲ್ಲಿ ಡಿಸೆಂಬರಿನ ಸೂರ್ಯ ಸಂಜೆ ನಾಲ್ಕು ಗಂಟೆಗೇ ಮುಳುಗಿರುತ್ತಾನೆ. ಆಗ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಬೇಕು. ಅದಕ್ಕೂ ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ, ದೋಣಿ ಕಟ್ಟಿ ನಿಂತಿರುವಾಗ, ಅವಕಾಶವಿಲ್ಲ.

ಶೌಚದ ಮಾತು ಎತ್ತಿದರೆ ಹಿರಿಯರು ಮುಖ ತಿರುಗಿಸುತ್ತಾರೆ. ಸುಮಾರು ಇಪ್ಪತ್ತು ಲೀಟರ್‌ನ ಪೆಟ್ಟಿಗೆ, ಇಬ್ಬರಿಗೆ ಎರಡು ಮೂರು ದಿನ, ಆಮೇಲೆ ಕೈಯಲ್ಲಿ ಹಿಡಿದು ದಡದ ವಿಸರ್ಜನಾ ಕೇಂದ್ರಕ್ಕೆ ಹೊತ್ತೊಯ್ಯಬೇಕು. ಅಲ್ಲಿ ಎಂಜಿನಿಯರೂ ಹೊರುತ್ತಾನೆ, ವಕೀಲನೂ ಹೊರುತ್ತಾನೆ. ಅದಕ್ಕೆ ಮನಸ್ಸು ಒಪ್ಪದವರು ದೋಣಿಯ ಆಸೆ ಬಿಡುವುದೇ ವಾಸಿ.

ಇನ್ನು ಮುಳುಗುವ ವಿಚಾರ. ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ಒಂದು ಇಂಚಿನ ತೂತಾದರೆ ನಿಮಿಷಕ್ಕೆ ಅರವತ್ತು ಲೀಟರ್, ಅಂದರೆ ಸುಮಾರು ನಾಲ್ಕು ಕೊಡ ನೀರು ನುಗ್ಗುತ್ತದೆ. ಆದ್ದರಿಂದಲೇ ನೀರಿನ ಕೆಳಗಿರುವ ಪ್ರತಿ ಕವಾಟದ ಪಕ್ಕದಲ್ಲಿ ಅದೇ ಅಳತೆಯ ಮೆತ್ತನೆ ಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟಿರುತ್ತಾರೆ. ಆದರೆ ತೂತು ಬೀಳುವುದಕ್ಕಿಂತ ಸವೆತವೇ ಸಾಮಾನ್ಯ. ತೋರಣಗಲ್ಲಿನ ಉಕ್ಕು ಕಂಡ ನಮಗೆ ತುಕ್ಕು ಗೊತ್ತು. ನೀರಿನೊಳಗಿನ ತುಕ್ಕು ಮಾತ್ರ ವಿದ್ಯುತ್ತಿನ ಆಟ. ದಡದ ಕರೆಂಟ್‌ಗೆ ಜೋಡಿಸಿದ ದೋಣಿಗಳ ಅರ್ಥ್ ತಂತಿ ಒಂದೇ ಆಗಿರುವುದರಿಂದ ನಿಮ್ಮ ದೋಣಿ, ಪಕ್ಕದವರ ದೋಣಿ, ನಡುವಿನ ನೀರು ಸೇರಿ ಒಂದು ಬ್ಯಾಟರಿಯಾಗುತ್ತದೆ. ಯಾರ ಲೋಹ ದುರ್ಬಲವೋ ಅವರದು ಕರಗುತ್ತದೆ. ಅದನ್ನು ತಡೆಯಲು ಗ್ಯಾಲ್ವನಿಕ್ ಐಸೊಲೇಟರ್ ಎಂಬ ಸಣ್ಣ ಉಪಕರಣವಿದೆ. ಜೊತೆಗೆ ತಳಕ್ಕೆ ಬೆಸೆದ, ದೋಣಿಯ ಬದಲು ತಾವೇ ಸವೆಯುವ ಆನೋಡ್‌ಗಳು: ಸಿಹಿನೀರಿಗೆ ಮೆಗ್ನೀಸಿಯಂ, ಉಪ್ಪುನೀರಿಗೆ ಸತು. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ಮೇಲೆತ್ತಿ ಕಪ್ಪು ಬಿಟುಮೆನ್ ಬಳಿಯಬೇಕು. ಆನೆಗೊಂದಿಯ ಅಂಬಿಗರು ಹರಿಗೋಲಿಗೆ ಡಾಂಬರು ಬಳಿಯುವುದೂ ಇದೇ ಕಾರಣಕ್ಕೆ, ನೀರನ್ನು ಹೊರಗಿಡಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡಾಗ ಆ ಬುಟ್ಟಿದೋಣಿಗಳಿಗೆ ತೊಗಲಿನ ಹೊದಿಕೆ ಇತ್ತು.

ಹಳೆಯ ದೋಣಿ ಕೊಳ್ಳುವ ಮುನ್ನ ಅದನ್ನು ನೀರಿನಿಂದ ಎತ್ತಿಸಿ, ಅಲ್ಟ್ರಾಸೌಂಡ್ ಮಾಪಕದಿಂದ ತಗಡಿನ ದಪ್ಪ ಅಳೆಸಲೇಬೇಕು. ಹೊಸದರಲ್ಲಿ ಸಾಮಾನ್ಯವಾಗಿ ತಳ 10 ಮಿಲಿಮೀಟರ್, ಪಕ್ಕ 6, ಮೇಲಿನ ಕೋಣೆ 4 ಇರುತ್ತದೆ. ತಳ, ಪಕ್ಕಗಳಲ್ಲಿ ದಪ್ಪ ನಾಲ್ಕಕ್ಕಿಂತ ಇಳಿದರೆ ಹೆಚ್ಚಿನ ವಿಮೆಯವರು ಕೈ ಎತ್ತುತ್ತಾರೆ. ಮಾರುವವನು ತೋರಿಸುವ ಹಳೆಯ ವರದಿ ಬೇಡ, ಪರೀಕ್ಷಕನಿಗೆ ಹಣ ಕೊಡುವವರು ನೀವೇ ಆಗಿರಬೇಕು. ಇನ್ನೊಂದು ಮಾತು: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,000 ಮೈಲಿ ಜಲಮಾರ್ಗ ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ಪರವಾನಗಿ ಬೇಕೆಂದರೆ ದೋಣಿ ಕಟ್ಟಲು ಖಾಯಂ ಜಾಗ ಹೊಂದಿರಬೇಕು, ಇಲ್ಲವೇ ಸದಾ ಸಂಚರಿಸುತ್ತಿರಬೇಕು. ಸಂಚಾರಿಗಳು ಒಂದು ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂಬುದು 1995ರ ಕಾಯ್ದೆಯ ಮಾತು. ಖಾಯಂ ಜಾಗದ ಬಾಡಿಗೆ ದುಬಾರಿ. ಸಂಚಾರಿಯಾದರೆ ವಿಳಾಸವಿಲ್ಲ, ಬ್ಯಾಂಕಿನಿಂದ ಹಿಡಿದು ವೈದ್ಯರ ನೋಂದಣಿವರೆಗೆ ಎಲ್ಲದಕ್ಕೂ ವಿಳಾಸ ಕೇಳುತ್ತಾರೆ. ಬಾಡಿಗೆ ಉಳಿಸುವ ಲೆಕ್ಕದಲ್ಲಿ ಈ ಎರಡನ್ನೂ ಸೇರಿಸಿದ ಮಕ್ಕಳನ್ನು ನಾನು ಕಂಡದ್ದು ಕಡಿಮೆ.

ತುಂಗಭದ್ರೆಯ ಹೌಸ್‌ಬೋಟ್ ಕನಸಿನವರಿಗೆ ನನ್ನ ಉತ್ತರ ಬೇರೆ. ಕೇರಳದಲ್ಲಿ ಹೌಸ್‌ಬೋಟ್ ಆಗಿರುವ ಕೆಟ್ಟುವಳ್ಳಂ ಎಂಬ ದೋಣಿ ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು, ಮೊಳೆಯಿಲ್ಲ. ಭತ್ತ ಸಾಗಿಸಲು ಹುಟ್ಟಿದ ದೋಣಿ ಅದು. ಬಿದಿರು ಚಾಪೆಯ ಮಾಡು ನಮ್ಮ ಏಪ್ರಿಲ್‌ನ ನಲವತ್ತು ಡಿಗ್ರಿಗೂ ಹೊಂದುತ್ತದೆ; ಉಕ್ಕಿನ ದೋಣಿಯಲ್ಲಿ ಅಂತಹ ಮಧ್ಯಾಹ್ನ ಯಾರೂ ಕೂರಲಾರರು. ಆದರೆ ಅಲ್ಲಿನ ಹಿನ್ನೀರಿನ ಮಟ್ಟ ವರ್ಷವಿಡೀ ಹೆಚ್ಚು ಏರಿಳಿಯುವುದಿಲ್ಲ. ನಮ್ಮ ಜಲಾಶಯ ತುಂಬಿದಾಗ 1,633 ಅಡಿ, ಬೇಸಿಗೆಯ ಹೊತ್ತಿಗೆ ಹತ್ತಾರು ಅಡಿ ಕೆಳಗೆ. ಹೂಳು ತುಂಬಿ 133 ಟಿಎಂಸಿಯ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿರುವಲ್ಲಿ, ಆಗಸ್ಟ್‌ನಲ್ಲಿ ದಡಕ್ಕೆ ಕಟ್ಟಿದ ದೋಣಿ ಮೇ ತಿಂಗಳಿಗೆ ಕೆಸರಿನಲ್ಲಿ ಹೂತಿರುತ್ತದೆ, ನೀರು ಕಣ್ಣಳತೆಯ ಆಚೆ. ಅಣೆಕಟ್ಟಿನ ಕೆಳಗಿನ ಹೊಳೆಯೋ ಬಂಡೆಗಳ ದಾರಿ, ನೀರುನಾಯಿಗಳ ಸಂರಕ್ಷಿತ ಪ್ರದೇಶವೂ ಅಲ್ಲಿದೆ. ಅಲ್ಲಿ ಹರಿಗೋಲು ಬಿಟ್ಟು ಬೇರೇನೂ ಸಾಗದು.

ತೇಲುವ ಜೆಟ್ಟಿ, ಉದ್ದನೆಯ ಇಳಿಜಾರು ಹಾದಿ ಮಾಡಿ ಮಟ್ಟದ ತೊಡಕು ಬಗೆಹರಿಸಬಹುದು, ದುಡ್ಡಿದ್ದರೆ. 2021ರ ಒಳನಾಡು ನೌಕೆಗಳ ಕಾಯ್ದೆಯ ಪ್ರಕಾರ ನೋಂದಣಿ, ತಪಾಸಣೆ, ವಿಮೆಯನ್ನೂ ಮಾಡಿಸಬಹುದು. ಬಗೆಹರಿಯದೆ ಉಳಿಯುವುದು ಮುಖ ತಿರುಗಿಸಿದ ಆ ಶೌಚದ ಪ್ರಶ್ನೆಯೇ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಎಷ್ಟೋ ಊರುಗಳು ಕುಡಿಯುವುದು ಇದೇ ನೀರನ್ನು. ಹತ್ತು ಕೋಣೆಯ ದೋಣಿಯ ಕೊಳಕನ್ನು ಪ್ರತಿದಿನ ಪಂಪ್ ಮಾಡಿ ದಡಕ್ಕೆ ತಂದು ಶುದ್ಧೀಕರಿಸುವ ಘಟಕದ ನಕ್ಷೆಯಿಲ್ಲದೆ ಬಂದವರಿಗೆ ನಾನು ಅಂದಾಜು ಪಟ್ಟಿಯನ್ನೇ ಬರೆದುಕೊಡುವುದಿಲ್ಲ. ಹಗಲಿನ ವಿಹಾರದ ದೋಣಿ, ಶೌಚಾಲಯ ದಡದಲ್ಲಿ, ರಾತ್ರಿ ಮುನಿರಾಬಾದಿನಲ್ಲೋ ಕೊಪ್ಪಳದಲ್ಲೋ ಲಾಡ್ಜ್: ಇಷ್ಟಕ್ಕಾದರೆ ನಾಳೆಯೇ ಅಳತೆಗೆ ಬರುತ್ತೇನೆ.